ನರದ ನೋವಿಗೆ ಯಾವ ಮಾತ್ರೆ? ಆರಿಸುವ ಮುನ್ನ ನೋಡಬೇಕಾದ್ದು

"ಡಾಕ್ಟರು ಪ್ರಿಗ್ಯಾಬಲಿನ್ ಬರೆದಿದ್ದಾರೆ. ಪರಿಚಯದವರು ಅಮಿಟ್ರಿಪ್ಟಿಲಿನ್ ಒಳ್ಳೆಯದು ಅಂತಾರೆ. ಇನ್ನೊಬ್ಬರು ಡುಲೋಕ್ಸೆಟಿನ್ ತಗೊಂಡು ಆರಾಮಾಗಿದ್ದಾರಂತೆ. ನಾನು ಯಾವುದು ತಗೊಳ್ಳಲಿ?" ನರದ ನೋವು ಇರುವವರಿಂದ ಪದೇಪದೇ ಬರುವ ಪ್ರಶ್ನೆ ಇದು.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ನೋವು ಇಳಿಸುವುದರಲ್ಲಿ ಈ ಮೂರಕ್ಕೂ ದೊಡ್ಡ ಅಂತರವಿಲ್ಲ. ಅಡ್ಡ ಪರಿಣಾಮಗಳಲ್ಲಿ ಮಾತ್ರ ಒಂದಕ್ಕೊಂದು ತುಂಬಾ ಬೇರೆ. ಹಾಗಾಗಿ ಯಾವ ಮಾತ್ರೆ ಜಾಸ್ತಿ ಸ್ಟ್ರಾಂಗ್ ಅಂತ ಹುಡುಕುತ್ತಾ ಕೂತರೆ ಸಮಯ ಹೋಗುತ್ತದೆ ಅಷ್ಟೇ. ಯಾವುದರ ತೊಂದರೆಯನ್ನು ನಿಮ್ಮ ದೇಹ ತಾಳಿಕೊಳ್ಳುತ್ತದೆ, ಯಾವುದನ್ನು ತಾಳುವುದಿಲ್ಲ ಅಂತ ನೋಡಿ. ಆಯ್ಕೆ ತಾನಾಗಿಯೇ ಒಂದೆರಡು ಔಷಧಿಗೆ ಇಳಿಯುತ್ತದೆ.

ಇವು ಯಾವುವೂ ಸ್ವಂತವಾಗಿ ಕೊಂಡು ನುಂಗುವ ಮಾತ್ರೆಗಳಲ್ಲ. ಡಾಕ್ಟರ ಮುಂದೆ ಕೂತಾಗ ಏನು ಹೇಳಬೇಕು, ಏನು ಕೇಳಬೇಕು ಅಂತ ನಿಮಗೆ ಗೊತ್ತಿರಲಿ ಎಂದೇ ಇಷ್ಟು ವಿವರ ಬರೆಯುತ್ತಿದ್ದೇನೆ.

ಇದು ನರದ ನೋವೇ?

ಪೆಟ್ಟು ಬಿದ್ದಾಗ ಅಥವಾ ಕೀಲು ಊದಿಕೊಂಡಾಗ ನರ ಆ ನೋವಿನ ಸುದ್ದಿಯನ್ನು ಮೆದುಳಿಗೆ ಮುಟ್ಟಿಸುತ್ತದೆ. ನರದ ನೋವಿನಲ್ಲಿ ಹಾನಿ ಆಗಿರುವುದು ನರಕ್ಕೇ. ಹೊರಗೆ ಗಾಯ ಇಲ್ಲದಿದ್ದರೂ ಅದು ನೋವಿನ ಸುದ್ದಿ ಕಳಿಸುತ್ತಲೇ ಇರುತ್ತದೆ. ಉರಿ, ಕರೆಂಟ್ ಹೊಡೆದಂಥ ಚಳುಕು, ಸೂಜಿ ಚುಚ್ಚಿದ ಹಾಗೆ, ಜುಮುಜುಮು. ಇನ್ನೂ ವಿಚಿತ್ರ ಅಂದರೆ ಮರಗಟ್ಟಿದ ಜಾಗದಲ್ಲೇ ನೋವು. ಕೆಲವರಿಗೆ ಹೊದಿಕೆ ಪಾದಕ್ಕೆ ತಾಗಿದರೂ ಸಹಿಸಲು ಆಗುವುದಿಲ್ಲ. ಸಾಮಾನ್ಯವಾಗಿ ರಾತ್ರಿ ಹೊತ್ತು ಜಾಸ್ತಿ.

ಸಕ್ಕರೆ ಕಾಯಿಲೆ ಇದಕ್ಕೆ ದೊಡ್ಡ ಕಾರಣ. ಸರ್ಪಸುತ್ತು ವಾಸಿಯಾದ ಮೇಲೂ ಉಳಿಯುವ ನೋವು, ಕ್ಯಾನ್ಸರಿನ ಕೀಮೋಥೆರಪಿ, ಬೆನ್ನುಹುರಿಯ ಪೆಟ್ಟು, ಪಾರ್ಶ್ವವಾಯು, ಅತಿಯಾದ ಮದ್ಯ, ಎಚ್‌ಐವಿ ಇವೂ ಕಾರಣಗಳೇ. ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಥರದ ಮಾಮೂಲಿ ನೋವಿನ ಮಾತ್ರೆಗಳು ಇಲ್ಲಿ ಹೆಚ್ಚು ಕೆಲಸ ಮಾಡುವುದಿಲ್ಲ. ತಿಂಗಳುಗಟ್ಟಲೆ ಐಬುಪ್ರೊಫೆನ್ ಥರದವನ್ನೇ ನುಂಗಿದರೆ ಹೊಟ್ಟೆ, ಕಿಡ್ನಿ ಕೆಡಬಹುದು, ಪಾದದ ಉರಿ ಹಾಗೇ ಇರುತ್ತದೆ. "ನೋವಿನ ಮಾತ್ರೆ ಎಷ್ಟು ತಗೊಂಡರೂ ಕಡಿಮೆ ಆಗ್ತಿಲ್ಲ" ಅನ್ನುವ ಮಾತೇ ಎಷ್ಟೋ ಸಲ ನರದ ನೋವಿನ ಸುಳಿವು.

ಮಾತ್ರೆಗೆ ಮುಂಚೆ ಒಂದು ರಕ್ತ ಪರೀಕ್ಷೆ ಆಗಲಿ. ಸಕ್ಕರೆ, ವಿಟಮಿನ್ ಬಿ12, ಥೈರಾಯ್ಡ್, ಕಿಡ್ನಿ, ಲಿವರ್, ಸೋಡಿಯಂ. ಇದರಿಂದ ಎರಡು ಲಾಭ. ಕಾರಣ ಸಿಕ್ಕಿದರೆ ಅದಕ್ಕೇ ಚಿಕಿತ್ಸೆ ಮಾಡಬಹುದು. ಮುಂದೆ ಮಾತ್ರೆ ಆರಿಸುವಾಗಲೂ ಇದೇ ವರದಿ ಬೇಕಾಗುತ್ತದೆ. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿರುವವರಲ್ಲಿ ಬಿ12 ಇಳಿಯುವುದು ಇದೆ. ಅಂಥವರ ಉರಿಯನ್ನೆಲ್ಲ ಸಕ್ಕರೆಯ ಲೆಕ್ಕಕ್ಕೆ ಹಾಕಿದರೆ ಸುಲಭವಾಗಿ ಸರಿಹೋಗಬಹುದಾದದ್ದು ತಪ್ಪಿಹೋಗುತ್ತದೆ.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಬೇಕು. ಮಲಮೂತ್ರದ ಹಿಡಿತ ತಪ್ಪಿದರೆ, ತೊಡೆಸಂದಿ ಮತ್ತು ಕೂರುವ ಭಾಗ ಮರಗಟ್ಟಿದರೆ, ಕಾಲಿನ ಶಕ್ತಿ ಗಂಟೆಗಳಲ್ಲಿ ಅಥವಾ ದಿನಗಳಲ್ಲಿ ಕುಸಿಯುತ್ತಿದ್ದರೆ ಮಾತ್ರೆಯ ಹೋಲಿಕೆ ಬಿಟ್ಟು ತಕ್ಷಣ ಆಸ್ಪತ್ರೆಗೆ ಹೋಗಿ.

ಯಾವ ಅಳತೆಯಿಂದ ನೋಡಬೇಕು

ಮೊದಲನೆಯದು ನೋವಿನ ಜಾತಿ ಮತ್ತು ಜಾಗ. ಎರಡೂ ಪಾದ ಪೂರ್ತಿ ಉರಿಯುವುದು ಬೇರೆ, ಎದೆಯ ಪಕ್ಕದಲ್ಲಿ ಅಂಗೈಯಷ್ಟು ಜಾಗ ಮಾತ್ರ ಉರಿಯುವುದು ಬೇರೆ, ಮುಖದ ಒಂದು ಬದಿಗೆ ಮಿಂಚಿನಂತೆ ಹೊಡೆಯುವುದು ಇನ್ನೂ ಬೇರೆ. ಇವಕ್ಕೆ ಔಷಧಿಯೂ ಬೇರೆ.

ಎರಡನೆಯದು ನಿಮಗಿರುವ ಇತರ ಕಾಯಿಲೆಗಳು. ಹೃದಯ, ಕಿಡ್ನಿ, ಲಿವರ್, ಕಣ್ಣಿನ ಗ್ಲಾಕೋಮಾ, ಪ್ರಾಸ್ಟೇಟ್ ಇವನ್ನು ಒಂದೂ ಬಿಡದೆ ಡಾಕ್ಟರಿಗೆ ಹೇಳಬೇಕು. ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯ, ಮರೆತುಹೋಗುವುದೂ ಇದೇ. ಕಾಲು ಉರಿ ಅಂತ ಹೋದವರು ಪ್ರಾಸ್ಟೇಟ್ ವಿಷಯ ಯಾಕೆ ಹೇಳ್ತಾರೆ, ಅಲ್ವಾ? ಆದರೆ ಹೇಳಲೇಬೇಕು.

ಆಮೇಲೆ ಈಗಾಗಲೇ ತೆಗೆದುಕೊಳ್ಳುತ್ತಿರುವ ಮಾತ್ರೆಗಳು. ಆಮೇಲೆ ನಿದ್ರೆ ಮತ್ತು ಮನಸ್ಸು: ನೋವಿನಿಂದ ನಿದ್ರೆ ಹೋಗಿದೆಯಾ, ಮನಸ್ಸು ಕುಗ್ಗಿದೆಯಾ? ಒಂದೇ ಮಾತ್ರೆಯಲ್ಲಿ ಎರಡು ಕೆಲಸ ಆಗುವುದಿದ್ದರೆ ಅದೇ ಒಳ್ಳೆಯದು. ನಿಮ್ಮ ದಿನ ಹೇಗಿರುತ್ತದೆ ಎಂಬುದೂ ಮುಖ್ಯ. ಗಾಡಿ ಓಡಿಸುವವರಿಗೆ, ಎತ್ತರದಲ್ಲಿ ಅಥವಾ ಯಂತ್ರದ ಮುಂದೆ ಕೆಲಸ ಮಾಡುವವರಿಗೆ ಹಗಲಿನ ಮಂಪರು ಅಪಾಯ.

ಕೊನೆಗೆ ದುಡ್ಡು ಮತ್ತು ದಿನಕ್ಕೆ ಎಷ್ಟು ಸಲ ನುಂಗಬೇಕು ಎಂಬುದು. ಇದನ್ನು ಕೇಳಲು ಸಂಕೋಚ ಬೇಡ. ತಿಂಗಳುಗಟ್ಟಲೆ ನಡೆಯುವ ಚಿಕಿತ್ಸೆಯಲ್ಲಿ, ಕೊಳ್ಳಲು ಆಗದೆ ಮಧ್ಯದಲ್ಲಿ ನಿಂತುಹೋಗುವ ಮಾತ್ರೆಗಿಂತ ಕೈಗೆಟುಕುವ ಮಾತ್ರೆ ಮೇಲು. ಸಾಮಾನ್ಯವಾಗಿ ಅಮಿಟ್ರಿಪ್ಟಿಲಿನ್ ಎಲ್ಲಕ್ಕಿಂತ ಅಗ್ಗ. ಡುಲೋಕ್ಸೆಟಿನ್, ಪ್ರಿಗ್ಯಾಬಲಿನ್, ಅದರದೇ ಗುಂಪಿನ ಗ್ಯಾಬಪೆಂಟಿನ್ ಮೂರಕ್ಕೂ ಈಗ ಜೆನೆರಿಕ್, ಅಂದರೆ ಅದೇ ಔಷಧಿಯ ಅಗ್ಗದ ಮಾತ್ರೆಗಳು, ಇವೆ. ಚರ್ಮಕ್ಕೆ ಹಚ್ಚುವ ಪ್ಯಾಚುಗಳು ದುಬಾರಿ.

ಎಷ್ಟು ಕಡಿಮೆಯಾದರೆ ಗೆದ್ದಂತೆ?

ಇಲ್ಲಿ ಪ್ರಾಮಾಣಿಕವಾಗಿರಬೇಕು. ಈ ಮಾತ್ರೆಗಳು ನೋವನ್ನು ಪೂರ್ತಿ ಅಳಿಸುವುದು ಅಪರೂಪ. 0ಯಿಂದ 10ರ ಅಳತೆಯಲ್ಲಿ 7 ಇದ್ದ ನೋವು 5ಕ್ಕೆ ಬಂದರೆ, ಅಂದರೆ ಸುಮಾರು 30% ಕಡಿಮೆಯಾದರೆ, ಬದುಕಿನಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ. ಅರ್ಧಕ್ಕೆ ಇಳಿದರೆ ಅದು ಒಳ್ಳೆಯ ಫಲಿತಾಂಶ.

ಸಂಶೋಧಕರು ಇದನ್ನು ಅಳೆಯಲು ಒಂದು ಲೆಕ್ಕ ಇಟ್ಟುಕೊಂಡಿದ್ದಾರೆ. ಸುಳ್ಳು ಮಾತ್ರೆಗಿಂತ (ಹೋಲಿಕೆಗಾಗಿ ಕೊಡುವ, ಔಷಧಿಯೇ ಇಲ್ಲದ ಮಾತ್ರೆ) ಹೆಚ್ಚಾಗಿ ಒಬ್ಬರಿಗೆ ಒಳ್ಳೆಯ ಆರಾಮ ಸಿಗಬೇಕಾದರೆ ಎಷ್ಟು ಜನರಿಗೆ ಔಷಧಿ ಕೊಡಬೇಕು ಎಂಬ ಲೆಕ್ಕ. ಸಂಖ್ಯೆ ಚಿಕ್ಕದಾದಷ್ಟೂ ಔಷಧಿ ಒಳ್ಳೆಯದು. 2025ರಲ್ಲಿ ಲ್ಯಾನ್ಸೆಟ್ ನ್ಯೂರಾಲಜಿ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ದೊಡ್ಡ ಪರಿಶೀಲನೆಯಲ್ಲಿ ಅಮಿಟ್ರಿಪ್ಟಿಲಿನ್ ಗುಂಪಿಗೆ 4.6, ಡುಲೋಕ್ಸೆಟಿನ್ ಗುಂಪಿಗೆ 7.4, ಗ್ಯಾಬಪೆಂಟಿನ್ ಮತ್ತು ಪ್ರಿಗ್ಯಾಬಲಿನ್ ಗುಂಪಿಗೆ 8.9 ಬಂತು. ಹಾಗಾದರೆ ಅಮಿಟ್ರಿಪ್ಟಿಲಿನ್ ಗೆದ್ದಂತೆ ಅಲ್ವಾ ಅನ್ನಿಸಬಹುದು. ಆದರೆ ಅದರ ಅಧ್ಯಯನಗಳು ಹೆಚ್ಚಾಗಿ ಹಳೆಯವು, ಚಿಕ್ಕವು. ಚಿಕ್ಕ ಅಧ್ಯಯನಗಳಲ್ಲಿ ಲಾಭ ದೊಡ್ಡದಾಗಿ ಕಾಣುವುದು ಸಾಮಾನ್ಯ.

ನೇರವಾಗಿ ಎದುರುಬದುರು ಇಟ್ಟು ನೋಡಿದ ಅಧ್ಯಯನ ಬೇಕಿತ್ತು. ಅದು 2022ರಲ್ಲಿ ಬ್ರಿಟನ್ನಿನಿಂದ ಬಂತು. ಹೆಸರು ಆಪ್ಷನ್-ಡಿಎಂ. ಸಕ್ಕರೆ ಕಾಯಿಲೆಯಿಂದ ನರದ ನೋವು ಬಂದಿದ್ದ 130 ಜನ ಅದರಲ್ಲಿದ್ದರು. ಅಮಿಟ್ರಿಪ್ಟಿಲಿನ್, ಪ್ರಿಗ್ಯಾಬಲಿನ್, ಡುಲೋಕ್ಸೆಟಿನ್ ಇವುಗಳಲ್ಲಿ ಒಂದರಿಂದ ಶುರು ಮಾಡಿ, ಸಾಲದಿದ್ದರೆ ಇನ್ನೊಂದನ್ನು ಸೇರಿಸಿದರು. ಯಾವ ದಾರಿಯಲ್ಲಿ ಹೋದರೂ ನೋವು ಸರಾಸರಿ 6.6ರಿಂದ ಸುಮಾರು 3.3ಕ್ಕೆ ಇಳಿಯಿತು. ಬೇರೆಯಾದದ್ದು ಅಡ್ಡ ಪರಿಣಾಮ ಮಾತ್ರ. ಪ್ರಿಗ್ಯಾಬಲಿನ್‌ನಲ್ಲಿ ತಲೆ ಸುತ್ತು, ಡುಲೋಕ್ಸೆಟಿನ್‌ನಲ್ಲಿ ವಾಕರಿಕೆ, ಅಮಿಟ್ರಿಪ್ಟಿಲಿನ್‌ನಲ್ಲಿ ಬಾಯಿ ಒಣಗುವುದು ಜಾಸ್ತಿ ಕಂಡವು. ನಾನು ಮೊದಲಿಗೇ ಹೇಳಿದ ಮಾತಿಗೆ ಆಧಾರ ಇದೇ.

ಅಮಿಟ್ರಿಪ್ಟಿಲಿನ್, ನಾರ್ಟ್ರಿಪ್ಟಿಲಿನ್

1961ರಿಂದ ಖಿನ್ನತೆಗೆ ಬಳಕೆಯಲ್ಲಿರುವ ಹಳೆಯ ಔಷಧಿ. ಚೀಟಿಯಲ್ಲಿ ಖಿನ್ನತೆ ಅಂತ ಓದಿ ಬೇಜಾರು ಮಾಡಿಕೊಳ್ಳಬೇಡಿ. ಮೆದುಳಿನಿಂದ ಬೆನ್ನುಹುರಿಗೆ ಇಳಿದು ನೋವನ್ನು ತಡೆಯುವ ದಾರಿಯೊಂದಿದೆ, ಅದಕ್ಕೆ ಈ ಮಾತ್ರೆ ಬಲ ಕೊಡುತ್ತದೆ. ನೋವಿಗೆ ಬೇಕಾಗುವ ಡೋಸೂ ಖಿನ್ನತೆಯದಕ್ಕಿಂತ ಕಡಿಮೆ. ರಾತ್ರಿ 10 ಮಿ.ಗ್ರಾಂ.ನಿಂದ ಶುರು ಮಾಡಿ ನಿಧಾನವಾಗಿ ಏರಿಸುತ್ತಾರೆ. ಹೆಚ್ಚಿನವರಿಗೆ 25ರಿಂದ 75ರೊಳಗೆ ಸಾಕಾಗುತ್ತದೆ.

ಇದರ ದೊಡ್ಡ ಗುಣ ಅಂದರೆ ರಾತ್ರಿ ಒಂದೇ ಮಾತ್ರೆ, ನಿದ್ರೆ ಬರುತ್ತದೆ, ಅಗ್ಗ. ನೋವಿನಿಂದ ನಿದ್ರೆಗೆಟ್ಟಿರುವ, ಬೇರೆ ಕಾಯಿಲೆ ಇಲ್ಲದ ನಡುವಯಸ್ಸಿನವರಿಗೆ ನಾನು ಮೊದಲು ಕೇಳಿ ನೋಡಿ ಎನ್ನುವುದು ಇದನ್ನೇ. ಮಲಗುವುದಕ್ಕೆ ಒಂದೆರಡು ಗಂಟೆ ಮೊದಲು ತೆಗೆದುಕೊಂಡರೆ ಬೆಳಗಿನ ಮಂಪರು ಕಡಿಮೆಯಾಗುತ್ತದೆ.

ತೊಂದರೆಗಳೂ ಕಡಿಮೆ ಇಲ್ಲ. ಬಾಯಿ ಒಣಗುತ್ತದೆ, ಮಲಬದ್ಧತೆ ಬರುತ್ತದೆ, ಕಣ್ಣು ಮಂಜಾಗಬಹುದು, ತೂಕ ಏರಬಹುದು, ಎದ್ದು ನಿಂತಾಗ ಬಿಪಿ ಇಳಿದು ತಲೆ ತಿರುಗಬಹುದು. ಪ್ರಾಸ್ಟೇಟ್ ದೊಡ್ಡದಾಗಿರುವವರಿಗೆ ಮೂತ್ರ ಕಟ್ಟಿಕೊಳ್ಳಬಹುದು. ಕೋನ ಮುಚ್ಚುವ ಜಾತಿಯ ಗ್ಲಾಕೋಮಾ ಇದ್ದರೆ ಬೇಡ. ಹೃದಯದ ಬಡಿತದಲ್ಲಿ ಏರುಪೇರು ಇರುವವರಿಗೆ, ಇತ್ತೀಚೆಗೆ ಹೃದಯಾಘಾತ ಆದವರಿಗೆ ಇದು ಅಪಾಯ. ವಯಸ್ಸಾದವರಿಗೆ ಕೊಡುವ ಮೊದಲು ಇಸಿಜಿ ಮಾಡಿಸುವುದು ಒಳ್ಳೆಯದು. 65 ದಾಟಿದವರಲ್ಲಿ ಗೊಂದಲ, ಮರೆವು, ಬೀಳುವುದು ಜಾಸ್ತಿಯಾಗುವುದರಿಂದ ಆದಷ್ಟೂ ದೂರ ಇಡುತ್ತಾರೆ. ಮಿತಿಮೀರಿ ನುಂಗಿದರೆ ಜೀವಕ್ಕೇ ಕುತ್ತು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ, ಅಥವಾ ಸಾಯಬೇಕು ಅನ್ನುವ ಯೋಚನೆ ಯಾರಿಗಾದರೂ ಬರುತ್ತಿದ್ದರೆ ಇದನ್ನು ಡಾಕ್ಟರಿಗೆ ಮುಚ್ಚಿಡದೆ ಹೇಳಿ.

ನಾರ್ಟ್ರಿಪ್ಟಿಲಿನ್ ಇದರ ತಂಗಿ ಇದ್ದ ಹಾಗೆ. ಅಮಿಟ್ರಿಪ್ಟಿಲಿನ್ ದೇಹದೊಳಗೆ ಹೋಗಿ ನಾರ್ಟ್ರಿಪ್ಟಿಲಿನ್ ಆಗಿಯೇ ಬದಲಾಗುತ್ತದೆ. ಬಾಯಿ ಒಣಗುವುದು, ಮಂಪರು ಎರಡೂ ಇದರಲ್ಲಿ ಸ್ವಲ್ಪ ಕಡಿಮೆ. ಅಮಿಟ್ರಿಪ್ಟಿಲಿನ್‌ನಿಂದ ನೋವು ಇಳಿದಿದೆ, ಆದರೆ ಬೆಳಿಗ್ಗೆ ಏಳಲು ಆಗ್ತಿಲ್ಲ ಅನ್ನುವವರು ಬೇರೆ ಗುಂಪಿಗೆ ಹಾರುವ ಮೊದಲು ಇದನ್ನು ಕೇಳಿ ನೋಡಬೇಕು. ಹೃದಯದ ಎಚ್ಚರಿಕೆ ಮಾತ್ರ ಇದಕ್ಕೂ ಅಷ್ಟೇ.

ಡುಲೋಕ್ಸೆಟಿನ್

2004ರಲ್ಲಿ ಅಮೆರಿಕದಲ್ಲಿ ಖಿನ್ನತೆಗೆ ಮತ್ತು ಸಕ್ಕರೆ ಕಾಯಿಲೆಯ ನರದ ನೋವಿಗೆ ಒಂದೇ ವರ್ಷ ಒಪ್ಪಿಗೆ ಪಡೆದ ಔಷಧಿ. ಮೊದಲ ವಾರ 30 ಮಿ.ಗ್ರಾಂ, ಆಮೇಲೆ ದಿನಕ್ಕೊಮ್ಮೆ 60. ಡೋಸ್ ಏರಿಸುವ ಗೊಂದಲವೇ ಇಲ್ಲ. 60ರಲ್ಲಿ ಕೆಲಸ ಮಾಡದಿದ್ದರೆ 120ಕ್ಕೆ ಹೋದರೂ ಹೆಚ್ಚು ಲಾಭವಿಲ್ಲ, ಅಡ್ಡ ಪರಿಣಾಮ ಮಾತ್ರ ಜಾಸ್ತಿ.

ಹಗಲು ಮಂಪರು ಕಡಿಮೆ, ತೂಕ ಏರುವುದೂ ಕಡಿಮೆ. ಮನಸ್ಸು ಕುಗ್ಗಿದ್ದರೆ, ಆತಂಕ ಇದ್ದರೆ ಅದಕ್ಕೂ ಇದೇ ಡೋಸ್ ಕೆಲಸ ಮಾಡುತ್ತದೆ. ಕೆಲಸಕ್ಕೆ ಹೋಗಲೇಬೇಕು, ತಲೆ ಚುರುಕಾಗಿರಬೇಕು ಅನ್ನುವವರಿಗೆ ಇದು ಒಗ್ಗುತ್ತದೆ. ಕೀಮೋಥೆರಪಿಯಿಂದ ಬಂದ ನರದ ನೋವಿಗೆ ಒಳ್ಳೆಯ ಆಧಾರ ಇರುವ ಔಷಧಿ ಹೆಚ್ಚುಕಡಿಮೆ ಇದೊಂದೇ. 2013ರಲ್ಲಿ ಜಾಮಾ ಪತ್ರಿಕೆಯಲ್ಲಿ ಅದರ ಅಧ್ಯಯನ ಪ್ರಕಟವಾಯಿತು.

ಮೊದಲ ಒಂದೆರಡು ವಾರದ ವಾಕರಿಕೆಯೇ ಇದರ ದೊಡ್ಡ ಕಿರಿಕಿರಿ. ತುಂಬಾ ಜನ ಅಲ್ಲೇ ಬಿಟ್ಟುಬಿಡುತ್ತಾರೆ. ಊಟದ ಜೊತೆ ತೆಗೆದುಕೊಂಡು ಸ್ವಲ್ಪ ತಾಳಿಕೊಂಡರೆ ಹೆಚ್ಚಿನವರಿಗೆ ಅದು ಇಳಿಯುತ್ತದೆ. ಬೆವರು, ಬಾಯಿ ಒಣಗುವುದು, ಲೈಂಗಿಕ ಆಸಕ್ತಿ ಕುಗ್ಗುವುದು ಇವೂ ಇವೆ. ಬಿಪಿ ಸ್ವಲ್ಪ ಏರಬಹುದು, ಆಗಾಗ ನೋಡಿಸಬೇಕು. ಕ್ಯಾಪ್ಸೂಲನ್ನು ಜಗಿಯುವುದು, ಪುಡಿ ಮಾಡುವುದು ಬೇಡ.

ಲಿವರ್ ಕಾಯಿಲೆ ಇರುವವರಿಗೆ, ಜಾಸ್ತಿ ಕುಡಿಯುವವರಿಗೆ, ಕಿಡ್ನಿ ತೀರಾ ಕುಂದಿದವರಿಗೆ ಇದು ಬೇಡ. ಖಿನ್ನತೆಗೆ ಬೇರೆ ಮಾತ್ರೆ ಅಥವಾ ನೋವಿಗೆ ಟ್ರಮಡಾಲ್ ನಡೆಯುತ್ತಿದ್ದರೆ ಮೊದಲೇ ಹೇಳಿ. ಎರಡೂ ಸೇರಿದರೆ ಸಿರೊಟೋನಿನ್ ಎಂಬ ಮೆದುಳಿನ ರಾಸಾಯನಿಕ ಮಿತಿಮೀರಿ ನಡುಕ, ಜ್ವರ, ಗಾಬರಿ ಬರಬಹುದು. ರಕ್ತ ತೆಳು ಮಾಡುವ ಮಾತ್ರೆ ಅಥವಾ ಐಬುಪ್ರೊಫೆನ್ ಜೊತೆ ರಕ್ತಸ್ರಾವದ ಅಪಾಯ ಏರುತ್ತದೆ.

ವೆನ್ಲಾಫ್ಯಾಕ್ಸಿನ್ ಇದೇ ಗುಂಪಿನದು. ನೋವಿಗೆ 150 ಮಿ.ಗ್ರಾಂ. ಅಥವಾ ಅದಕ್ಕಿಂತ ಜಾಸ್ತಿ ಬೇಕಾಗುತ್ತದೆ, ಬಿಪಿ ಏರಿಕೆಯೂ ಹೆಚ್ಚು. ಡುಲೋಕ್ಸೆಟಿನ್ ಸಿಗುವ ಕಡೆ ಇದನ್ನು ಮೊದಲು ಆರಿಸಲು ಕಾರಣ ಕಡಿಮೆ.

ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್

ಇವೆರಡೂ ಫಿಟ್ಸ್‌ಗೆ ಕೊಡುವ ಔಷಧಿಗಳೂ ಹೌದು. ಗ್ಯಾಬಪೆಂಟಿನ್‌ಗೆ ಅಮೆರಿಕದಲ್ಲಿ 1993ರಲ್ಲಿ, ಪ್ರಿಗ್ಯಾಬಲಿನ್‌ಗೆ 2004ರಲ್ಲಿ ಒಪ್ಪಿಗೆ ಸಿಕ್ಕಿತು. ಕೆರಳಿದ ನರದ ತುದಿಯಲ್ಲಿ ಕ್ಯಾಲ್ಸಿಯಂ ಒಳಹೋಗುವ ಬಾಗಿಲನ್ನು ಹಿಡಿದು, ನೋವಿನ ಸುದ್ದಿ ಮುಂದೆ ಹೋಗುವುದನ್ನು ತಗ್ಗಿಸುತ್ತವೆ.

ಇವುಗಳ ಬಲ ಅಂದರೆ ಬೇರೆ ಮಾತ್ರೆಗಳ ಜೊತೆ ಜಗಳ ಕಡಿಮೆ. ಲಿವರ್ ಮೂಲಕ ಹೋಗದೆ ಕಿಡ್ನಿಯ ಮೂಲಕ ನೇರ ಹೊರಬೀಳುತ್ತವೆ. ಹಾಗಾಗಿ ಲಿವರ್ ಕೆಟ್ಟವರಿಗೆ, ಹೃದಯಕ್ಕೆ ಹತ್ತಾರು ಮಾತ್ರೆ ತೆಗೆದುಕೊಳ್ಳುವವರಿಗೆ ಮೊದಲು ನೆನಪಾಗುವುದು ಇವೇ. ಇದರ ಇನ್ನೊಂದು ಮುಖವೂ ಇದೆ. ಕಿಡ್ನಿ ಕುಂದಿದ್ದರೆ ಔಷಧಿ ದೇಹದಲ್ಲೇ ಉಳಿದು ಮಂಪರು, ಗೊಂದಲ ತರುತ್ತದೆ. ಡೋಸ್ ಕಡಿಮೆ ಮಾಡಲೇಬೇಕು. ಸಕ್ಕರೆ ಕಾಯಿಲೆ ಹಳೆಯದಾದಷ್ಟೂ ಕಿಡ್ನಿ ಕುಂದಿರುವ ಸಂಭವ ಜಾಸ್ತಿ, ಆದ್ದರಿಂದ ಕ್ರಿಯಾಟಿನಿನ್ (ಕಿಡ್ನಿಯ ರಕ್ತ ಪರೀಕ್ಷೆ) ವರದಿ ನೋಡದೆ ಶುರು ಮಾಡಬಾರದು.

ಎರಡರಲ್ಲಿ ಯಾವುದು? ಗ್ಯಾಬಪೆಂಟಿನ್ ಹೀರಿಕೊಳ್ಳುವುದಕ್ಕೆ ಕರುಳಿನಲ್ಲಿ ಮಿತಿ ಇದೆ. ದಿನಕ್ಕೆ 900 ಮಿ.ಗ್ರಾಂ. ತೆಗೆದುಕೊಂಡರೆ ಸುಮಾರು 60% ರಕ್ತಕ್ಕೆ ಸೇರುತ್ತದೆ, 3600ಕ್ಕೆ ಏರಿಸಿದರೆ ಮೂರರಲ್ಲಿ ಒಂದು ಭಾಗ ಮಾತ್ರ. ಅದಕ್ಕೇ ದಿನಕ್ಕೆ ಮೂರು ಸಲ ಹಂಚಿ ಕೊಡುತ್ತಾರೆ. 300ರಿಂದ ಶುರುವಾಗಿ 1800ರ ಆಸುಪಾಸು ತಲುಪಲು ವಾರಗಳು ಬೇಕು. ಎಷ್ಟೋ ಜನರ ಚಿಕಿತ್ಸೆ ಸೋಲುವುದು ಇಲ್ಲೇ. ರಾತ್ರಿ 300 ಮಿ.ಗ್ರಾಂ.ನಲ್ಲೇ ತಿಂಗಳುಗಟ್ಟಲೆ ಇದ್ದು "ಇದು ನನಗೆ ಕೆಲಸ ಮಾಡಲಿಲ್ಲ" ಅಂತ ಬಿಡುತ್ತಾರೆ. ಪ್ರಿಗ್ಯಾಬಲಿನ್ 90%ಕ್ಕೂ ಹೆಚ್ಚು ಹೀರಿಕೊಳ್ಳುತ್ತದೆ, ದಿನಕ್ಕೆ ಎರಡು ಸಲ ಸಾಕು, 150ರಿಂದ 300 ಮಿ.ಗ್ರಾಂ.ಗೆ ಒಂದೆರಡು ವಾರದಲ್ಲಿ ತಲುಪಬಹುದು. ಗರಿಷ್ಠ 600. ಬೇಗ ಆರಾಮ ಬೇಕಿದ್ದರೆ, ಮಧ್ಯಾಹ್ನದ ಮಾತ್ರೆ ಮರೆಯುವವರಾದರೆ ಪ್ರಿಗ್ಯಾಬಲಿನ್ ಅನುಕೂಲ. ನಿಧಾನವಾಗಿ, ಸಣ್ಣ ಹೆಜ್ಜೆಗಳಲ್ಲಿ ಏರಿಸಬೇಕಾದ ವಯಸ್ಸಾದವರಿಗೆ 100 ಮಿ.ಗ್ರಾಂ.ನಿಂದ ಶುರು ಮಾಡಬಹುದಾದ ಗ್ಯಾಬಪೆಂಟಿನ್ ಕೂಡ ಒಳ್ಳೆಯದೇ. ಹೊಟ್ಟೆ ಉರಿಗೆ ಅಲ್ಯುಮಿನಿಯಂ, ಮೆಗ್ನೀಸಿಯಂ ಇರುವ ಆಂಟಾಸಿಡ್ ಕುಡಿದರೆ ಗ್ಯಾಬಪೆಂಟಿನ್‌ಗೂ ಅದಕ್ಕೂ ನಡುವೆ ಎರಡು ಗಂಟೆ ಬಿಡಬೇಕು.

ತಲೆ ಸುತ್ತು, ತೂಕಡಿಕೆ, ನಡೆಯುವಾಗ ಓಲಾಡುವುದು ಇವೆರಡರ ಸಾಮಾನ್ಯ ತೊಂದರೆ. ಕಾಲು ಊದಿಕೊಳ್ಳುತ್ತದೆ, ತೂಕ ಏರುತ್ತದೆ. ಹೃದಯದ ಪಂಪಿಂಗ್ ಕಡಿಮೆ ಇರುವವರಿಗೆ ಈ ಊತ ಸಣ್ಣ ವಿಷಯವಲ್ಲ. ಸಕ್ಕರೆಗೆ ಪಯೋಗ್ಲಿಟಾಜೋನ್ ನಡೆಯುತ್ತಿದ್ದರೆ ಊತ ಇನ್ನೂ ಜಾಸ್ತಿ. ಓಪಿಯಾಯ್ಡ್ ಎನ್ನುವ, ಟ್ರಮಡಾಲ್, ಮಾರ್ಫಿನ್ ಥರದ ನೋವಿನ ಮಾತ್ರೆ, ನಿದ್ರೆ ಮಾತ್ರೆ ಅಥವಾ ಮದ್ಯದ ಜೊತೆ ಸೇರಿದರೆ ಉಸಿರಾಟವೇ ಕುಂದಬಹುದು. 2019ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಬಗ್ಗೆ ಎಚ್ಚರಿಕೆ ಕೊಟ್ಟಿತು. ಚಟವಾಗುವ ಅಪಾಯ ಇರುವುದರಿಂದ ಬ್ರಿಟನ್ ಅದೇ ವರ್ಷ ಎರಡನ್ನೂ ನಿಯಂತ್ರಿತ ಔಷಧಿಗಳ ಪಟ್ಟಿಗೆ ಸೇರಿಸಿತು. ಮದ್ಯ ಅಥವಾ ಬೇರೆ ಚಟದಿಂದ ಹೊರಬಂದವರು ಇದನ್ನು ಡಾಕ್ಟರ ಜೊತೆ ಬಿಚ್ಚಿ ಮಾತಾಡಬೇಕು.

ಮಗು ಬೇಕು ಅಂತ ಯೋಚಿಸುತ್ತಿರುವ ಹೆಣ್ಣುಮಕ್ಕಳಿಗೆ ಒಂದು ಮಾತು. ಗರ್ಭದ ಮೊದಲ ಮೂರು ತಿಂಗಳಲ್ಲಿ ಪ್ರಿಗ್ಯಾಬಲಿನ್ ತೆಗೆದುಕೊಂಡರೆ ಮಗುವಿಗೆ ಹುಟ್ಟು ದೋಷದ ಅಪಾಯ ಸ್ವಲ್ಪ ಏರಬಹುದು ಎಂದು ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2022ರಲ್ಲಿ ಹೇಳಿದೆ. ಗರ್ಭ ಧರಿಸುವ ಮೊದಲೇ ಡಾಕ್ಟರನ್ನು ಕಾಣಿ. ಹಠಾತ್ತಾಗಿ ನಿಲ್ಲಿಸಬೇಡಿ.

ಸೊಂಟದಿಂದ ಕಾಲಿಗಿಳಿಯುವ ಸಯಾಟಿಕಾಗೆ ಈ ಮಾತ್ರೆಗಳನ್ನು ಧಾರಾಳವಾಗಿ ಬರೆಯುತ್ತಾರೆ. ಆದರೆ 2017ರಲ್ಲಿ ಆಸ್ಟ್ರೇಲಿಯಾದಲ್ಲಿ ನಡೆದ ಅಧ್ಯಯನದಲ್ಲಿ ಪ್ರಿಗ್ಯಾಬಲಿನ್ ಸಯಾಟಿಕಾಗೆ ಸುಳ್ಳು ಮಾತ್ರೆಗಿಂತ ಮೇಲಾಗಲಿಲ್ಲ, ತಲೆ ಸುತ್ತು ಮಾತ್ರ ಹೆಚ್ಚಾಯಿತು. ಬ್ರಿಟನ್ನಿನಲ್ಲಿ ಚಿಕಿತ್ಸೆಯ ಸಲಹೆ ಕೊಡುವ ಸಂಸ್ಥೆಯಾದ ನೈಸ್‌ನ ಮಾರ್ಗಸೂಚಿ 2020ರಿಂದ ಸಯಾಟಿಕಾಗೆ ಇವನ್ನು ಕೊಡಬೇಡಿ ಎನ್ನುತ್ತದೆ. ಸಯಾಟಿಕಾ ಇದ್ದು ಈ ಮಾತ್ರೆ ಬಂದಿದ್ದರೆ "ಇದು ಯಾಕೆ?" ಅಂತ ಕೇಳುವ ಹಕ್ಕು ನಿಮಗಿದೆ.

ಮುಖದ ಮಿಂಚಿಗೆ ಬೇರೆ ದಾರಿ

ಹಲ್ಲುಜ್ಜುವಾಗ, ಅಗಿಯುವಾಗ, ಗಾಳಿ ತಾಗಿದರೂ ಕೆನ್ನೆಗೆ ಕರೆಂಟ್ ಹೊಡೆದಂತೆ ಕ್ಷಣಗಳ ಕಾಲ ಬಂದು ಹೋಗುವ ನೋವು ಟ್ರೈಜೆಮಿನಲ್ ನ್ಯೂರಾಲ್ಜಿಯಾ. ಇದಕ್ಕೆ ಮೇಲಿನ ಹೋಲಿಕೆ ಹೊಂದುವುದಿಲ್ಲ. ಮೊದಲ ಔಷಧಿ ಕಾರ್ಬಮಝೆಪಿನ್. ಇದು ಕೆಲಸ ಮಾಡುವ ರೀತಿ ಕಂಡರೆ ಸಮಾಧಾನವಾಗುತ್ತದೆ, ಕೆಲವೇ ದಿನಗಳಲ್ಲಿ ಹೊಡೆತ ಇಳಿಯುತ್ತದೆ. ಆದರೆ ಇದು ಹುಷಾರಾಗಿ ಬಳಸಬೇಕಾದ ಮಾತ್ರೆ. ಏಷ್ಯಾ ಮೂಲದ ಕೆಲವರಲ್ಲಿರುವ ಎಚ್‌ಎಲ್‌ಎ-ಬಿ*1502 ಎಂಬ ಜೀನ್ ಇದ್ದರೆ ಚರ್ಮ ಸುಟ್ಟಂತೆ ಸುಲಿಯುವ, ಜೀವಕ್ಕೇ ಅಪಾಯದ ಅಲರ್ಜಿ ಬರಬಹುದು. ಅದಕ್ಕೆ ರಕ್ತ ಪರೀಕ್ಷೆ ಇದೆ, ಶುರುವಿಗೆ ಮೊದಲು ಕೇಳಿ. ಮಾತ್ರೆ ಶುರುವಾದ ಮೇಲೆ ಮೈಮೇಲೆ ದದ್ದು, ಬಾಯಲ್ಲಿ ಹುಣ್ಣು, ಜ್ವರ ಕಂಡರೆ ಅವತ್ತೇ ಡಾಕ್ಟರನ್ನು ಕಾಣಬೇಕು. ಸೋಡಿಯಂ ಇಳಿಯುವುದು, ರಕ್ತಕಣ ಕುಂದುವುದು ಇದೆ. ಗರ್ಭನಿರೋಧಕ ಮಾತ್ರೆ, ರಕ್ತ ತೆಳು ಮಾಡುವ ವಾರ್ಫರಿನ್ ಮುಂತಾದವುಗಳ ಬಲವನ್ನೂ ಇದು ತಗ್ಗಿಸುತ್ತದೆ. ಆಕ್ಸ್‌ಕಾರ್ಬಝೆಪಿನ್‌ನಲ್ಲಿ ಈ ಜಗಳ ಕಡಿಮೆ, ಸೋಡಿಯಂ ಇಳಿಯುವುದು ಮಾತ್ರ ಜಾಸ್ತಿ.

ನೋವು ಒಂದೇ ಜಾಗದಲ್ಲಿದ್ದರೆ

ಸರ್ಪಸುತ್ತಿನ ನಂತರ ಪಕ್ಕೆಯ ಮೇಲೆ ಒಂದು ಪಟ್ಟೆಯಷ್ಟು ಜಾಗ ಉರಿಯುತ್ತಿದ್ದರೆ ಇಡೀ ದೇಹಕ್ಕೆ ಔಷಧಿ ಯಾಕೆ? 5% ಲಿಡೋಕೇನ್ ಪ್ಯಾಚನ್ನು ಆ ಜಾಗಕ್ಕೇ ಅಂಟಿಸಿ 12 ಗಂಟೆ ಇಟ್ಟು, 12 ಗಂಟೆ ತೆಗೆದಿಡುತ್ತಾರೆ. ರಕ್ತಕ್ಕೆ ಸೇರುವುದು ಅತ್ಯಲ್ಪ. ಪರಿಣಾಮ ಸಾಧಾರಣ, ದುಬಾರಿ, ನಿಜ. ಆದರೂ ಈಗಾಗಲೇ ಹತ್ತು ಮಾತ್ರೆ ನುಂಗುತ್ತಿರುವ, ಸ್ವಲ್ಪ ತಲೆ ಸುತ್ತಿದರೂ ಬಿದ್ದುಬಿಡುವ ಹಿರಿಯರಿಗೆ ನಾನು ಮೊದಲು ಇದನ್ನೇ ನೋಡಿ ಅಂತೀನಿ. ಒಡೆದ ಚರ್ಮದ ಮೇಲೆ, ಮಾಯದ ಗುಳ್ಳೆಗಳ ಮೇಲೆ ಅಂಟಿಸಬಾರದು.

ಮೆಣಸಿನಕಾಯಿಯ ಖಾರದಿಂದ ಮಾಡಿದ ಕ್ಯಾಪ್ಸೈಸಿನ್ ಎರಡು ರೂಪದಲ್ಲಿದೆ. 0.075% ಕ್ರೀಮನ್ನು ದಿನಕ್ಕೆ ಮೂರು ನಾಲ್ಕು ಸಲ ವಾರಗಟ್ಟಲೆ ಹಚ್ಚಬೇಕು, ಮೊದಮೊದಲು ಉರಿ ಜಾಸ್ತಿಯಾಗುತ್ತದೆ, ಕೈ ತೊಳೆಯದೆ ಕಣ್ಣು ಮುಟ್ಟಬಾರದು. 8% ಪ್ಯಾಚನ್ನು ಆಸ್ಪತ್ರೆಯಲ್ಲೇ ಪಾದಕ್ಕೆ 30 ನಿಮಿಷ, ಬೇರೆ ಕಡೆ 60 ನಿಮಿಷ ಇಡುತ್ತಾರೆ. ಕೆಲಸ ಮಾಡಿದರೆ ಆರಾಮ ಮೂರು ತಿಂಗಳವರೆಗೆ ಇರಬಹುದು.

ಟ್ರಮಡಾಲ್ ಮತ್ತು ವಿಟಮಿನ್ ಮಾತ್ರೆಗಳು

ಟ್ರಮಡಾಲ್, ಮಾರ್ಫಿನ್ ಥರದವು ನೋವು ಇಳಿಸುತ್ತವೆ, ಆದರೆ ಚಟ, ಮಲಬದ್ಧತೆ, ಉಸಿರಾಟದ ತೊಂದರೆ ಜೊತೆಗೇ ಬರುತ್ತವೆ. ಟ್ರಮಡಾಲ್‌ನಿಂದ ಫಿಟ್ಸ್ ಕೂಡ ಬರಬಹುದು. ಇವು ಕೊನೆಯ ಸಾಲಿನವು. ನೋವು ವಿಪರೀತ ಏರಿದಾಗ ಕೆಲವು ದಿನಕ್ಕೆ ಸರಿ, ವರ್ಷಗಟ್ಟಲೆ ಬೇಡ.

"ನರಕ್ಕೆ ಶಕ್ತಿ" ಅಂತ ಕೊಡುವ ಬಿ ವಿಟಮಿನ್ ಮಾತ್ರೆಗಳ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ಬಿ12 ಕೊರತೆ ಇದ್ದರೆ ಬಿ12 ಬೇಕೇ ಬೇಕು. ಕೊರತೆ ಇಲ್ಲದಿದ್ದರೆ ಅದು ನೋವಿನ ಔಷಧಿಯಲ್ಲ. ಬಿ6 ಹೆಚ್ಚು ಡೋಸಿನಲ್ಲಿ ತಿಂಗಳುಗಟ್ಟಲೆ ಹೋದರೆ ಅದೇ ನರಕ್ಕೆ ಹಾನಿ ಮಾಡುತ್ತದೆ, ಪಾದದ ಜೋಮು ಜಾಸ್ತಿಯಾಗುತ್ತದೆ. ಎರಡು ಮೂರು ಬೇರೆ ಬೇರೆ ಹೆಸರಿನ ಮಾತ್ರೆಗಳಲ್ಲಿ ಬಿ6 ಸೇರಿ ಒಟ್ಟು ಎಷ್ಟಾಗುತ್ತದೆ ಅಂತ ಮಾತ್ರೆಯ ಸ್ಟ್ರಿಪ್ ತಿರುಗಿಸಿ ನೋಡಿ.

ಹಾಗಾದರೆ ನಿಮಗೆ?

ನಿದ್ರೆ ಇಲ್ಲ, ಹೃದಯ ಗಟ್ಟಿ, ಖರ್ಚು ಕಡಿಮೆ ಇರಬೇಕು ಅಂದರೆ ಅಮಿಟ್ರಿಪ್ಟಿಲಿನ್ ಅಥವಾ ನಾರ್ಟ್ರಿಪ್ಟಿಲಿನ್. ಸಕ್ಕರೆ ಕಾಯಿಲೆ ಇದೆ, ತೂಕ ಏರಬಾರದು, ಮನಸ್ಸೂ ಕುಗ್ಗಿದೆ, ಲಿವರ್ ಚೆನ್ನಾಗಿದೆ ಅಂದರೆ ಡುಲೋಕ್ಸೆಟಿನ್. ಹೃದಯದ ಬಡಿತದ ತೊಂದರೆ ಇದೆ, ಮಾತ್ರೆಗಳ ರಾಶಿಯೇ ಇದೆ, ಕಿಡ್ನಿ ಸರಿ ಇದೆ ಅಂದರೆ ಗ್ಯಾಬಪೆಂಟಿನ್ ಅಥವಾ ಪ್ರಿಗ್ಯಾಬಲಿನ್. ಹೃದಯದ ಪಂಪಿಂಗೇ ಕುಂದಿದ್ದರೆ ಊತದ ಕಾರಣ ಈ ಎರಡೂ ಕಷ್ಟ, ಅಮಿಟ್ರಿಪ್ಟಿಲಿನ್ ಇನ್ನೂ ಕಷ್ಟ. ಅಲ್ಲಿ ಬಿಪಿ ನೋಡಿಕೊಂಡು ಡುಲೋಕ್ಸೆಟಿನ್ ಬಗ್ಗೆ ಮಾತಾಡಬಹುದು. ಕಿಡ್ನಿ ತೀರಾ ಕುಂದಿದ್ದರೆ ಡುಲೋಕ್ಸೆಟಿನ್ ಬಿಟ್ಟು, ಗ್ಯಾಬಪೆಂಟಿನ್ ತುಂಬಾ ಕಡಿಮೆ ಡೋಸಿನಲ್ಲಿ, ಅದೂ ಕಿಡ್ನಿ ಡಾಕ್ಟರ ಕಣ್ಗಾವಲಿನಲ್ಲಿ. ಎರಡು ಮೂರು ತೊಡಕು ಒಟ್ಟಿಗೆ ಇರುವವರಿಗೆ ಆಯ್ಕೆ ಸುಲಭವಿಲ್ಲ. ನೋವಿನ ತಜ್ಞರನ್ನು ಬೇಗ ಕಾಣುವುದು ಅಂಥವರಿಗೇ ಹೆಚ್ಚು ಬೇಕು.

ಆರಿಸಿದ ಮೇಲೆ

ಒಂದು ಸಲಕ್ಕೆ ಒಂದೇ ಹೊಸ ಮಾತ್ರೆ. ಎರಡು ಒಟ್ಟಿಗೆ ಶುರುವಾದರೆ ಯಾವುದರಿಂದ ಲಾಭ, ಯಾವುದರಿಂದ ತೊಂದರೆ ಅಂತ ಗೊತ್ತಾಗುವುದಿಲ್ಲ. ದಿನಾ ರಾತ್ರಿ ನೋವಿಗೆ 0ಯಿಂದ 10ರಲ್ಲಿ ಒಂದು ಅಂಕ, ನಿದ್ರೆ ಎಷ್ಟು ಗಂಟೆ, ಏನು ತೊಂದರೆ ಅಂತ ಒಂದು ಸಾಲು ಬರೆದಿಡಿ. ಸರಿಯಾದ ಡೋಸ್ ತಲುಪಿದ ಮೇಲೆ ಡುಲೋಕ್ಸೆಟಿನ್, ಪ್ರಿಗ್ಯಾಬಲಿನ್‌ಗೆ ನಾಲ್ಕು ವಾರ ಕೊಡಿ. ಅಮಿಟ್ರಿಪ್ಟಿಲಿನ್, ಗ್ಯಾಬಪೆಂಟಿನ್ ಏರಿಸುವುದೇ ನಿಧಾನ, ಅವಕ್ಕೆ ಆರರಿಂದ ಎಂಟು ವಾರ ಬೇಕು.

ಸ್ವಲ್ಪವೂ ಇಳಿಯದಿದ್ದರೆ ಆ ಮಾತ್ರೆ ಬಿಟ್ಟು ಬೇರೆ ಗುಂಪಿಗೆ ಹೋಗುವುದು ಸರಿ. ಅರ್ಧಂಬರ್ಧ ಇಳಿದಿದ್ದರೆ ಇನ್ನೊಂದು ಗುಂಪಿನದನ್ನು ಸೇರಿಸಬಹುದು. ಆಪ್ಷನ್-ಡಿಎಂನಲ್ಲಿ ಹೀಗೆ ಸೇರಿಸಿದವರಿಗೆ ಇನ್ನಷ್ಟು ಆರಾಮ ಸಿಕ್ಕಿತು. 2009ರ ಇನ್ನೊಂದು ಅಧ್ಯಯನದಲ್ಲಿ ನಾರ್ಟ್ರಿಪ್ಟಿಲಿನ್, ಗ್ಯಾಬಪೆಂಟಿನ್ ಎರಡೂ ಸೇರಿದಾಗ ಒಂಟಿಯಾಗಿ ಕೊಟ್ಟದ್ದಕ್ಕಿಂತ ಹೆಚ್ಚು ಕೆಲಸ ಮಾಡಿದವು. ಒಂದೇ ಗುಂಪಿನ ಎರಡನ್ನು, ಅಂದರೆ ಗ್ಯಾಬಪೆಂಟಿನ್ ಜೊತೆ ಪ್ರಿಗ್ಯಾಬಲಿನ್ ಸೇರಿಸುವುದರಲ್ಲಿ ಅರ್ಥವಿಲ್ಲ. ಅಮಿಟ್ರಿಪ್ಟಿಲಿನ್ ಜೊತೆ ಡುಲೋಕ್ಸೆಟಿನ್ ಸೇರಿಸುವುದನ್ನೂ ಸಾಮಾನ್ಯವಾಗಿ ತಪ್ಪಿಸುತ್ತಾರೆ, ಒಂದು ಇನ್ನೊಂದರ ಮಟ್ಟವನ್ನು ರಕ್ತದಲ್ಲಿ ಏರಿಸುತ್ತದೆ.

ಯಾವ ಮಾತ್ರೆಯಾದರೂ ಶುರುವಾದ ಮೇಲೆ ಮನಸ್ಸು ವಿಪರೀತ ಕುಗ್ಗಿದರೆ, ಸಾಯುವ ಯೋಚನೆ ಬಂದರೆ ತಕ್ಷಣ ಮನೆಯವರಿಗೆ, ಡಾಕ್ಟರಿಗೆ ಹೇಳಿ. 25ರೊಳಗಿನವರಲ್ಲಿ ಈ ಎಚ್ಚರ ಇನ್ನೂ ಜಾಸ್ತಿ ಬೇಕು.

ಆರಾಮ ಆದ ಮೇಲೆ ಜೀವನಪೂರ್ತಿ ನುಂಗಬೇಕೆಂದೇನೂ ಇಲ್ಲ. ಕೆಲವು ತಿಂಗಳು ನೋವು ಹಿಡಿತದಲ್ಲಿದ್ದರೆ ಡೋಸ್ ಇಳಿಸಿ ನೋಡಬಹುದಾ ಅಂತ ಡಾಕ್ಟರನ್ನು ಕೇಳಿ. ಇಳಿಸುವುದು ಮಾತ್ರ ಮೆಲ್ಲಗೆ. ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್‌ಗೆ ಕನಿಷ್ಠ ಒಂದು ವಾರ, ತುಂಬಾ ಕಾಲ ತೆಗೆದುಕೊಂಡಿದ್ದರೆ ಇನ್ನೂ ನಿಧಾನ. ಡುಲೋಕ್ಸೆಟಿನ್‌ಗೆ ಕನಿಷ್ಠ ಎರಡು ವಾರ. ಒಮ್ಮೆಲೇ ನಿಲ್ಲಿಸಿದರೆ ನಿದ್ರೆಗೇಡು, ಬೆವರು, ತಲೆಯೊಳಗೆ ಝಲ್ಲೆನ್ನುವುದು, ಕೆಲವರಲ್ಲಿ ಫಿಟ್ಸ್ ಕೂಡ ಬರುತ್ತವೆ. ಇಳಿಸುವಾಗ ನೋವು ಮರಳಿದರೆ ಹಿಂದಿನ ಡೋಸಿಗೆ ವಾಪಸ್ ಹೋಗಿ, ಇನ್ನೂ ಕೆಲವು ತಿಂಗಳು ಬಿಟ್ಟು ಮತ್ತೆ ಪ್ರಯತ್ನಿಸಬಹುದು.